ಪೆಟ್ಟಿಯೊಳಗಿನ ಹನ್ನೊಂದು ಚುಕ್ಕಿ

ಆ ದಿನದ ಬಗ್ಗೆ ನನ್ನ ಡೈರಿಯಲ್ಲಿ ಮೂರೇ ವಾಕ್ಯಗಳಿವೆ. ‘ಮಧ್ಯಾಹ್ನ ಒಳ್ಳೆ ಬಿಸಿಲು. ಅಪ್ಪ ಹನ್ನೊಂದು ಅಂದರು. ನಾನು ಒಂದೂ ಇಲ್ಲ ಅಂದೆ.’ ಅದರ ಕೆಳಗೆ ಒಂದು ಕಂಟೇನರಿನ ನಂಬರು. ಉಳಿದರ್ಧ ಪುಟ ಖಾಲಿ.

ಎಷ್ಟೋ ವರ್ಷ ಆ ದಿನ ಮೋಡವಿತ್ತೆಂದೇ ನಾನು ನೆನಪಿಟ್ಟುಕೊಂಡಿದ್ದೆ. ಪಾಲಕ್ಕಾಡಿನ ಕಡೆಯಿಂದ ಗಾಳಿ ಬೀಸುತ್ತಿತ್ತು, ಆಕಾಶ ಬೂದಿಯ ಬಣ್ಣಕ್ಕಿತ್ತು, ಶೆಡ್ಡಿನ ತಗಡುಗಳು ಬಡಿದುಕೊಳ್ಳುತ್ತಿದ್ದವು ಎಂದು ಒಂದಿಬ್ಬರಿಗೆ ಹೇಳಿಯೂ ಇದ್ದೇನೆ. ಮೋಡವಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಹಳೆಯ ಡೈರಿ ಕೈಗೆ ಸಿಕ್ಕ ಮೇಲೆ, ಆ ಮೋಡವನ್ನು ನಾನು ಯಾವ ವರ್ಷ ತಂದು ಅಲ್ಲಿಟ್ಟೆ ಎಂದು ಯೋಚಿಸುತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಕೊಯಮತ್ತೂರು ಸೀಮೆಯ ನೆಗಮಂನ ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಮನೆಯಲ್ಲಿದ್ದದ್ದು ಅಪ್ಪ, ನಾನು, ಒಂದು ಕುಣಿಮಗ್ಗ. ನಾನು ಮೈಸೂರಿಗೆ ಹೋಗಿ ಎಂ.ಎ. ಓದಿ, ಕನ್ನಡ ಬರೆಯುವುದನ್ನು ಕಲಿತು ಬಂದಿದ್ದೆ. ನನ್ನ ಡೈರಿ ಜಗಲಿಯ ಮೇಲೆ ತೆರೆದೇ ಬಿದ್ದಿರುತ್ತಿತ್ತು. ಅದರಲ್ಲಿದ್ದದ್ದು ಅಪ್ಪ ದಿನವೂ ಆಡುವ ಮಾತೇ, ಆದರೆ ಅಪ್ಪನಿಗೆ ಆ ಅಕ್ಷರ ಬರುತ್ತಿರಲಿಲ್ಲ.

ಎಂ.ಎ. ಮುಗಿಸಿ ಬಂದವಳಿಗೆ ಸಿಕ್ಕ ಕೆಲಸ ಕೊಯಮತ್ತೂರಿನ ಹೊರಗಿದ್ದ ಗೂಡ್ಸ್ ಯಾರ್ಡಿನಲ್ಲಿ, ರಫ್ತಿನ ಕಾಗದಪತ್ರ ಮಾಡಿಸಿಕೊಡುವ ಏಜೆಂಟರೊಬ್ಬರ ಬಳಿ. ತಿರುಪ್ಪೂರಿನ ಬನಿಯನ್ನು ಅದುವರೆಗೆ ಲಾರಿಗಳಲ್ಲಿ ಬಂದರಿಗೆ ಹೋಗುತ್ತಿತ್ತು. ಆಗಷ್ಟೇ ಕಬ್ಬಿಣದ ದೊಡ್ಡ ಕಂಟೇನರುಗಳು ಬರತೊಡಗಿದ್ದವು. ಯಾರ್ಡಿನ ಜನ ಅವನ್ನು ಪೆಟ್ಟಿ ಎನ್ನುತ್ತಿದ್ದರು. ಖಾಲಿ ಪೆಟ್ಟಿ ರೈಲಿನಲ್ಲಿ ಬರುತ್ತಿತ್ತು. ಇಲ್ಲೇ ಮಾಲು ತುಂಬಿ, ಇಲ್ಲೇ ಕಸ್ಟಮ್ಸಿನವರು ಬಾಗಿಲಿಗೆ ಸೀಸದ ಮುದ್ರೆ ಒತ್ತಿ, ಮತ್ತೆ ರೈಲಿಗೇರಿಸಿ ಕೊಚ್ಚಿಗೆ ಕಳಿಸುತ್ತಿದ್ದರು. ಅಲ್ಲಿಂದ ಹಡಗು. ಅದರಾಚೆ ಬೇರೊಂದು ದೇಶದ ರೈಲು, ಅದು ನಿಂತ ಕಡೆ ಇನ್ನೊಂದು ದೇಶದ ರೈಲು.

ಮುದ್ರೆ ಬಿದ್ದ ಪೆಟ್ಟಿಯನ್ನು ನಾವು ಯಾರೂ ತೆರೆಯುವಂತಿರಲಿಲ್ಲ. ಕಾಗದದ ಮಟ್ಟಿಗೆ ಅದು ಆಗಲೇ ದೇಶ ಬಿಟ್ಟಂತೆ. ನಮ್ಮ ಸೂಪರ್‌ವೈಸರು ಒಮ್ಮೆ ಅಂಥ ಬಾಗಿಲಿಗೆ ಅಂಗೈ ಬಡಿದು, ಇದರ ಈಚೆ ಕೊಯಮತ್ತೂರು, ಆಚೆ ಫಾರಿನ್ನು ಎಂದು ಅಪ್ಪನಿಗೆ ತಮಿಳಿನಲ್ಲಿ ವಿವರಿಸಿದರು. ಅಪ್ಪ ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿ, ಹಾಗಾದರೆ ಖಾಲಿ ಪೆಟ್ಟಿ ಮುಚ್ಚಿದಾಗ ಒಳಗೆ ಯಾವ ಊರು ಎಂದು ಕೇಳಿದರು. ಹೊರೆಯಾಳುಗಳೆಲ್ಲ ನಕ್ಕರು. ಅಪ್ಪ ನಗಲಿಲ್ಲ. ಮುಚ್ಚಿದ ಖಾಲಿ ಪೆಟ್ಟಿಯೊಳಗೆ ನಿಲ್ಲುವುದೇ ಅವರ ಕೆಲಸವಾಗಿತ್ತು.

ಮಾಲು ತುಂಬುವ ಮೊದಲು ಪೆಟ್ಟಿಯಲ್ಲಿ ತೂತಿದೆಯೇ ಎಂದು ನೋಡಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಸಮುದ್ರದ ಮೇಲೆ ಉಪ್ಪುನೀರು ಒಳಗಿಳಿದು ಬನಿಯನ್ನಿಗೆ ಕಲೆ ಹಿಡಿಯುತ್ತದೆ. ನೋಡುವ ಉಪಾಯ ಬಹಳ ಸರಳ. ನೆತ್ತಿಯ ಮೇಲೆ ಬಿಸಿಲಿರುವ ಹೊತ್ತಿನಲ್ಲಿ ಒಳಗೆ ಹೋಗಿ ನಿಲ್ಲುವುದು. ಹೊರಗಿನವರು ಎರಡೂ ಬಾಗಿಲು ಮುಚ್ಚಿ ಅಗುಳಿ ಹಾಕುವುದು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ತೂತಿದ್ದ ಕಡೆ ಬೆಳಕಿನ ಚುಕ್ಕಿ ಕಾಣುತ್ತದೆ. ಅದಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಒಳಗಿನಿಂದ ಮೂರು ಸಲ ತಟ್ಟಿದರೆ ಬಾಗಿಲು ತೆರೆಯುತ್ತಾರೆ.

ಹೊರೆಯಾಳುಗಳು ಒಳಗೆ ಹೋಗಲು ಒಪ್ಪುತ್ತಿರಲಿಲ್ಲ. ಮೊದಲ ವಾರ ಹೋದವನೊಬ್ಬ ಬೆವರಿಕೊಂಡು ಹೊರಬಂದು, ಒಳಗೆ ತನ್ನ ಜೊತೆ ಇನ್ಯಾರೋ ಉಸಿರಾಡುತ್ತಿದ್ದಾರೆ ಎಂದಿದ್ದನಂತೆ. ಆಗ ನಾನೇ ಸ್ವಲ್ಪ ಜಂಬದಿಂದ ನಮ್ಮಪ್ಪನ ವಿಷಯ ಹೇಳಿದೆ. ಮಗ್ಗದಿಂದ ಇಳಿಸಿದ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಐದೂವರೆ ಗಜದಲ್ಲಿ ಒಂದು ಎಳೆ ತಪ್ಪಿದ್ದರೂ ಹಿಡಿಯುವ ಕಣ್ಣು ಅವರದು. ಪೆಟ್ಟಿ ಬಂದ ದಿನ ಅಪ್ಪ ನನ್ನ ಜೊತೆ ಬಸ್ಸಿನಲ್ಲಿ ಬರತೊಡಗಿದರು. ಉಳಿದ ದಿನ ಮಗ್ಗ. ಹೊರೆಯಾಳುಗಳು ಅವರಿಗೆ ‘ಓಟ್ಟೈ ತಾತಾ’ ಎಂದು ಹೆಸರಿಟ್ಟರು, ತೂತಿನ ತಾತ ಎಂದು. ಅವರು ಪೆಟ್ಟಿಯೊಳಗೆ ಹೋಗುವಾಗ, ಹಾಗೇ ಫಾರಿನ್ನಿಗೆ ಹೋಗಿಬಿಡಬೇಡ ತಾತಾ, ಹೋದರೆ ನನಗೊಂದು ವಾಚು ತಾ ಎಂದು ಅಗುಳಿ ಹಾಕುವವನು ಪ್ರತಿಸಲವೂ ಹೇಳುತ್ತಿದ್ದ.

ಅಪ್ಪ ಹಾಕುತ್ತಿದ್ದ ಗುರುತು ನಮ್ಮ ಮನೆಯದು: ಪುಟ್ಟದೊಂದು ಸೊನ್ನೆ, ಅದಕ್ಕೊಂದು ಬಾಲ. ಸೀರೆಯ ಮೇಲಾದರೆ ಬಾಲ ಎಳೆ ಹರಿದ ದಿಕ್ಕಿಗೆ ಇರುತ್ತಿತ್ತು. ಪೆಟ್ಟಿಯೊಳಗೆ, ನೀರು ಬಂದರೆ ಯಾವ ಕಡೆ ಇಳಿಯುತ್ತದೋ ಆ ದಿಕ್ಕಿಗೆ. ನಮ್ಮ ಬೀದಿಯಲ್ಲೇ ಬೇರೆ ಯಾರೂ ಹಾಗೆ ಬರೆಯುತ್ತಿರಲಿಲ್ಲ. ಆ ಗುರುತಿನ ಜೊತೆಗೆ ಮನೆಯಲ್ಲೊಂದು ಕಟ್ಟಳೆಯೂ ಇತ್ತು. ಒಬ್ಬರು ನೇಯ್ಗೆಯಲ್ಲಿ ಹುಳುಕಿದೆ ಎಂದರೆ ಇನ್ನೊಬ್ಬರು ಅಲ್ಲಿ ಬೆರಳಾಡಿಸಿ ನೋಡದೆ ಇಲ್ಲ ಎನ್ನಬಾರದು. ಚಿಕ್ಕಂದಿನಲ್ಲಿ ಹಾಗೆ ಅಂದಿದ್ದಕ್ಕೆ ಅಜ್ಜಿಯಿಂದ ಏಟು ತಿಂದಿದ್ದೆ.

ತಪಾಸಣೆಯ ಚೀಟಿಗೆ ಎರಡು ಸಹಿ ಬೇಕಿತ್ತು. ಒಂದು ಅಪ್ಪನದು, ತಮಿಳಿನಲ್ಲಿ. ಇನ್ನೊಂದು ನನ್ನದು. ಆದ್ದರಿಂದ ನಾನೂ ಒಳಗೆ ಹೋಗಬೇಕಾಗಿತ್ತು.

ಅದರ ಬಗ್ಗೆ ಈಗಲಾದರೂ ನೇರವಾಗಿ ಬರೆಯಬೇಕು. ಪ್ರತಿ ಪೆಟ್ಟಿಗೂ ಬೇರೆ ವಾಸನೆ. ಒಂದರಲ್ಲಿ ಕೊಳೆತ ಹಣ್ಣಿನದು, ಒಂದರಲ್ಲಿ ಯಂತ್ರದೆಣ್ಣೆಯದು, ಮತ್ತೊಂದರಲ್ಲಿ ಒದ್ದೆ ಉಣ್ಣೆಯದು. ಗೋಡೆಯ ಮೇಲೆ ನನಗೆ ಗೊತ್ತಿಲ್ಲದ ಲಿಪಿಯಲ್ಲಿ ಯಾರೋ ಏನೋ ಗೀಚಿರುತ್ತಿದ್ದರು. ಬಾಗಿಲು ಮುಚ್ಚಿದ ಕೂಡಲೇ ಹೊರಗಿನ ಸದ್ದೆಲ್ಲ ಕತ್ತರಿಸಿದಂತೆ ನಿಲ್ಲುತ್ತಿತ್ತು. ಆಮೇಲೆ ನಮ್ಮ ಉಸಿರು ದೂರದ ಗೋಡೆಯವರೆಗೆ ಹೋಗಿ, ಒಂದು ಕ್ಷಣ ತಡವಾಗಿ ಹಿಂದಕ್ಕೆ ಬರುತ್ತಿತ್ತು. ಒಳಗಿದ್ದವರು ಇಬ್ಬರು. ನನಗೆ ಕೇಳುತ್ತಿದ್ದದ್ದು ಮೂರು ಉಸಿರು.

ಮೊದಲ ದಿನವೇ ನಾನು ಬಾಗಿಲ ಬಳಿಯ ಗೋಡೆಗೆ ಬೆನ್ನು ಒತ್ತಿ ನಿಂತು ಕಣ್ಣು ಮುಚ್ಚಿಕೊಂಡೆ. ಮುಚ್ಚಿದ ರೆಪ್ಪೆಯೊಳಗಿನ ಕತ್ತಲೆ ನನಗೆ ಗೊತ್ತಿದ್ದ ಕತ್ತಲೆ. ಹೊರಗಿನ ಆ ಕತ್ತಲೆ ಯಾರದೋ. ಎರಡನೆಯ ದಿನವೂ ಹಾಗೆಯೇ ಮಾಡಿದೆ. ಆಮೇಲೆ ಅದೇ ರೂಢಿಯಾಯಿತು. ಸುಮಾರು ಒಂದು ವರ್ಷ ನಾನು ಕಣ್ಣು ಮುಚ್ಚಿ ನಿಂತು, ಹೊರಗೆ ಬಂದು, ‘ಪರೀಕ್ಷಿಸಿ ನೋಡಿದೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ. ಯಾರೂ ಓದಲಾರದ ನನ್ನ ಡೈರಿಯಲ್ಲೂ ನಾನು ಇದನ್ನು ಬರೆದಿಲ್ಲ.

ಆ ದಿನದ ಪೆಟ್ಟಿ ಕಂದು ಬಣ್ಣದ್ದು, ಹಳೆಯದು. ತಿರುಪ್ಪೂರಿನಿಂದ ಬನಿಯನ್ನಿನ ಲಾರಿ ಆಗಲೇ ಬಂದು ನಿಂತಿತ್ತು. ಸಂಜೆಯ ಗೂಡ್ಸಿಗೆ ಪೆಟ್ಟಿ ಏರದಿದ್ದರೆ ಕೊಚ್ಚಿಯಲ್ಲಿ ಹಡಗು ತಪ್ಪುತ್ತಿತ್ತು. ಬೇರೆ ಖಾಲಿ ಪೆಟ್ಟಿ ಇರಲಿಲ್ಲ. ಅಪ್ಪ ಆ ತಿಂಗಳಲ್ಲಿ ಆಗಲೇ ಎರಡು ಪೆಟ್ಟಿ ಬೇಡವೆಂದಿದ್ದರು. ಹಿಂದಿನ ವಾರ ಹಳಿ ದಾಟುವಾಗ ಅವರು ಎಡವಿ ಬಿದ್ದದ್ದನ್ನು ಸೂಪರ್‌ವೈಸರು ನೋಡಿದ್ದರು. ಮುದುಕನಿಗೆ ಕಣ್ಣು ಹೋಗುತ್ತಿದೆ ಎಂಬ ಮಾತು ಶೆಡ್ಡಿನಲ್ಲಿ ಓಡಾಡುತ್ತಿತ್ತು.

ಬಾಗಿಲು ಮುಚ್ಚಿತು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಅಪ್ಪ ಕಾದರು. ಆಮೇಲೆ ಮೆಲ್ಲಗೆ ಎಣಿಸತೊಡಗಿದರು. ಸೀಮೆಸುಣ್ಣ ತಗಡಿಗೆ ಉಜ್ಜುವ ಸದ್ದು ಒಮ್ಮೆ ಬಲಕ್ಕೆ, ಒಮ್ಮೆ ದೂರದಲ್ಲಿ, ಒಮ್ಮೆ ನನ್ನ ಕಿವಿಯ ಹತ್ತಿರ. ಒಳಗೆ ತಂದಿದ್ದ ಸ್ಟೂಲು ಎಳೆದುಕೊಂಡು ಹತ್ತಿ, ಮಾಡಿನ ಅಂಚಿನಲ್ಲೂ ಬರೆದರು.

"ಹನ್ನೊಂದು," ಎಂದರು. "ಸೂಜಿ ಹಾಕಿ ಚುಚ್ಚಿಟ್ಟ ಹಾಗಿದೆ. ನೋಡ್ದ್ಯಾ ಅಮ್ಮಣಿ?"

ಅಮ್ಮಣಿ ಎಂದೇ ಅವರು ನನ್ನನ್ನು ಕರೆಯುತ್ತಿದ್ದದ್ದು. ನಾನು ಉತ್ತರ ಕೊಟ್ಟೆನೇ? ಕೊಡಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಇದೇ ನೆನಪು ಮೋಡವಿತ್ತು ಎಂದೂ ಹೇಳಿತ್ತು.

ಹೊರಗೆ ಬಂದು ಅಪ್ಪ ಹನ್ನೊಂದು ಎಂದಾಗ ಸೂಪರ್‌ವೈಸರ ಮುಖ ಕೆಂಪಾಯಿತು. ಅವರೇ ಒಳಗೆ ಹೋದರು. ಬಾಗಿಲನ್ನು ಪೂರ್ತಿ ಮುಚ್ಚಗೊಡಲಿಲ್ಲ. ಸಂದಿಯಿಂದ ಬೆಳಕು ಬರುತ್ತಿರುವಾಗಲೇ ಸುತ್ತ ನೋಡಿ, ನೂರು ಎಣಿಸುವಷ್ಟರಲ್ಲಿ ಹೊರಬಂದರು. ಗುರುತುಗಳಿವೆ, ತೂತು ಒಂದೂ ಇಲ್ಲ ಎಂದರು. ಅಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ನೀನು ಓದಿದವಳಮ್ಮ. ನೀನೂ ಒಳಗೆ ಇದ್ದೆ. ನಿನಗೆ ಕಾಣಿಸಿತಾ, ಇಲ್ಲವಾ? ಅದನ್ನು ಹೇಳು."

ಲಾರಿಯವನು, ಹೊರೆಯಾಳುಗಳು, ಅಗುಳಿ ಹಾಕುವವನು ಎಲ್ಲರೂ ನೋಡುತ್ತಿದ್ದರು. ಅಪ್ಪನೂ ನೋಡುತ್ತಿದ್ದರು, ನಾನು ಏನು ಹೇಳುತ್ತೇನೆಂಬ ಬಗ್ಗೆ ಅನುಮಾನವೇ ಇಲ್ಲದವರ ಹಾಗೆ. ಕಣ್ಣು ಮುಚ್ಚಿದ್ದೆ ಎಂದರೆ ಒಂದು ವರ್ಷದ ಚೀಟಿಗಳೆಲ್ಲ ಸುಳ್ಳಾಗುತ್ತಿದ್ದವು. ಕಾಣಿಸಿತು ಎಂದರೆ, ಹಾಗಾದರೆ ಬಂದು ತೋರಿಸು ಎನ್ನುತ್ತಿದ್ದರು. ಮತ್ತೆ ಆ ಬಾಗಿಲು ಮುಚ್ಚುತ್ತಿತ್ತು.

"ಇಲ್ಲೀಂಗ," ಎಂದೆ.

ಅದು ಸುಳ್ಳಲ್ಲ. ನನಗೆ ಕಾಣಿಸಿರಲಿಲ್ಲ. ಹೋಗಿ ಬೆರಳಾಡಿಸಿಯೂ ನೋಡಿರಲಿಲ್ಲ.

ಚೀಟಿಗೆ ನನ್ನದೊಂದೇ ಸಹಿ ಸಾಕೆಂದರು. ಗುರುತುಗಳನ್ನು ಒರೆಸಬೇಕೆಂದರು. ಒದ್ದೆ ಮಾಡಿದ ನೂಲಿನ ವೇಸ್ಟು ಹಿಡಿದು, ಬಾಗಿಲು ಹಾರು ಹೊಡೆದಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ನಾನೇ ಒರೆಸಿದೆ. ಒರೆಸುವಾಗಲೂ ತಗಡಿನ ಕಡೆ ನೋಡಲಿಲ್ಲ. ಬಿಳಿ ಹೋದರೆ ಸಾಕಿತ್ತು. ಮಾಡಿನ ಅಂಚಿನಲ್ಲಿದ್ದ ಮೂರು ಗುರುತು ಎಟುಕಲಿಲ್ಲ. ಸ್ಟೂಲು ತರಬಹುದಿತ್ತು, ತರಲಿಲ್ಲ. ಸಂಜೆ ಆ ಪೆಟ್ಟಿ ಮೂರು ಸೊನ್ನೆಗಳನ್ನು ಹೊತ್ತು, ಮುದ್ರೆ ಒತ್ತಿಸಿಕೊಂಡು, ಕೊಚ್ಚಿಯ ಕಡೆ ಹೋಯಿತು.

ಅಪ್ಪನಿಗೆ, ಇನ್ನು ಬರಬೇಡಿ, ವಯಸ್ಸಾಯಿತು ಎಂದು ಮರ್ಯಾದೆಯಿಂದಲೇ ಹೇಳಿದರು. ಅಪ್ಪ "ಸರೀಂಗ" ಎಂದರು.

ಗಾಂಧಿಪುರಂನಲ್ಲಿ ಬಸ್ಸು ಬದಲಿಸಿದೆವು. ಕಿಣತ್ತುಕಡವು ದಾಟಿದ ಮೇಲೆ, ಕಿಟಕಿಯಾಚೆ ನೋಡುತ್ತ ಅಪ್ಪ ಕೇಳಿದರು.

"ನಿಜವಾಗ್ಲೂ ಒಂದೂ ಕಾಣಲಿಲ್ವಾ ಅಮ್ಮಣಿ?"

"ಇಲ್ಲಪ್ಪ."

"ಹಾಗಾದ್ರೆ ಇವು ನನಗೆ ಸುಳ್ಳು ತೋರಿಸ್ತಾ ಇವೆ," ಎಂದು ಎರಡು ಬೆರಳಿನಿಂದ ರೆಪ್ಪೆಗಳನ್ನು ಮುಟ್ಟಿಕೊಂಡರು.

ಅವರು ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ನನಗೆ ಬದುಕುವುದು ಸುಲಭವಾಗುತ್ತಿತ್ತು. ಅವರು ನನ್ನನ್ನು ನಂಬಿದರು. ಮರುದಿನ ಮಗ್ಗಕ್ಕೆ ಇಳಿದವರು ಅರ್ಧ ಮೊಳ ನೇಯ್ದು, ಎದ್ದು ಬಂದು ಜಗಲಿಯಲ್ಲಿ ಕೂತರು. ಎಳೆ ಇದೆಯೋ, ಇದ್ದಂತೆ ಕಾಣುತ್ತಿದೆಯೋ ಗೊತ್ತಾಗುತ್ತಿಲ್ಲ ಎಂದರು. ಒಂದು ತಿಂಗಳಲ್ಲಿ ಗೋಡೆ ಸವರಿಕೊಂಡು ನಡೆಯತೊಡಗಿದರು. ತಟ್ಟೆಯಲ್ಲಿ ಏನು ಬಡಿಸಿದೆ ಎಂದು ಕೇಳಿ ತಿನ್ನುತ್ತಿದ್ದರು. ಬೀದಿಯಲ್ಲಿ ಯಾರಾದರೂ ಬಂದರೆ ನನಗಿಂತ ಮೊದಲು ಅಪ್ಪನ ಮುಖ ಆ ಕಡೆ ತಿರುಗುತ್ತಿತ್ತು; ಆದರೂ, ಯಾರು ಬಂದದ್ದು, ನೋಡಮ್ಮಣಿ ಎನ್ನುತ್ತಿದ್ದರು.

ಪೊಳ್ಳಾಚಿಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ದೀಪ ಹಾಕಿ, ಅಕ್ಷರ ಓದಿಸಿ, ಸ್ವಲ್ಪ ಪೊರೆ ಶುರುವಾಗಿದೆ, ಇನ್ನೂ ನಾಲ್ಕೈದು ವರ್ಷ ಯೋಚನೆಯಿಲ್ಲ ಎಂದರು. ಅಪ್ಪ ಎಲ್ಲ ಸಾಲನ್ನೂ ಓದಿದ್ದರು. ಹೊರಗೆ ಬಂದ ಮೇಲೆ ನನ್ನ ಹೆಗಲು ಹಿಡಿದುಕೊಂಡು, ಡಾಕ್ಟರಿಗೇನು ಗೊತ್ತು, ಪೆಟ್ಟಿಯೊಳಗೆ ನನ್ನ ಜೊತೆ ಇದ್ದವಳು ನೀನು ಎಂದರು. ಆಗ ಹೇಳಬಹುದಿತ್ತು. ಬಸ್ಸು ಬಂತು.

ಕಾಣುವ ಮನುಷ್ಯ ಕಾಣದವನಂತೆ ಮನೆಯೊಳಗೆ ಓಡಾಡುವುದನ್ನು ನೋಡುತ್ತ ಇರುವುದು ವಿಚಿತ್ರ ಅನುಭವ. ಒಮ್ಮೊಮ್ಮೆ ಹಗಲಲ್ಲೇ ನನಗೆ ಅನಿಸುತ್ತಿತ್ತು, ಆ ಪೆಟ್ಟಿಯ ಬಾಗಿಲು ತೆರೆದಾಗ ಹೊರಗೆ ಬಂದದ್ದು ನಾನೊಬ್ಬಳೇ. ಅಪ್ಪ ಇನ್ನೂ ಅದರೊಳಗೇ ಇದ್ದಾರೆ, ಯಾವ ದೇಶದ ಹಳಿಯ ಮೇಲಿದ್ದಾರೋ ಗೊತ್ತಿಲ್ಲ.

ಒಂದೂವರೆ ವರ್ಷವಾದ ಮೇಲೆ, ಒಂದು ಬೆಳಿಗ್ಗೆ, ಬಂದ ಖಾಲಿ ಪೆಟ್ಟಿಗಳ ಪಟ್ಟಿಯಲ್ಲಿ ಆ ನಂಬರು ಇತ್ತು. ಡೈರಿ ನೋಡುವ ಅಗತ್ಯವಿರಲಿಲ್ಲ. ಹಾಗೆ ಒಂದೇ ಪೆಟ್ಟಿ ಅದೇ ಯಾರ್ಡಿಗೆ ಮರಳಿ ಬರುವುದು ಅಪರೂಪ. ಹೊರಗೋಡೆಯ ಕಬ್ಬಿಣದ ಜೇಬಿನಲ್ಲಿ ಒಂದು ದಪ್ಪ ಕಾಗದದ ಚೀಟಿ ಉಳಿದಿತ್ತು. ಎರಡು ಸ್ಟೇಷನ್ನಿನ ಹೆಸರು, ನಡುವೆ ಒಂದು ಬಾಣ. ಒಂದು ಹೆಸರು ಇಂಗ್ಲಿಷಿನ ಅಕ್ಷರದಲ್ಲಿ, ಇನ್ನೊಂದು ನಾನು ಓದಲಾರದ ಅಕ್ಷರದಲ್ಲಿ. ಕಸ್ಟಮ್ಸಿನ ಗುಮಾಸ್ತರೊಬ್ಬರು ನೋಡಿ, ಇದು ಎರಡು ದೇಶದ ಗಡಿಯ ಸ್ಟೇಷನ್ನಿರಬೇಕು, ಪೋತ್ತನೂರಿನಲ್ಲಿ ದೊಡ್ಡ ಹಳಿಯೂ ಸಣ್ಣ ಹಳಿಯೂ ಸೇರುತ್ತವಲ್ಲ, ಹಾಗೆ ಅಲ್ಲಿ ಹಳಿಯ ಅಗಲ ಬದಲಾಗುತ್ತದೆ, ಪೆಟ್ಟಿಯನ್ನು ಒಂದು ರೈಲಿನಿಂದ ಎತ್ತಿ ಇನ್ನೊಂದಕ್ಕೆ ಇಡುತ್ತಾರೆ, ಖಾಲಿಯಿದ್ದರೆ ಒಳಗೆ ಹೋಗಿ ನೋಡಿಯೂ ಬಿಡುತ್ತಾರೆ ಎಂದರು.

ಬಾಗಿಲು ತೆರೆಸಿಕೊಂಡು ಒಳಗೆ ಹೋದೆ. ಗೋಡೆಯ ಮೇಲೆ ಅಲ್ಲಲ್ಲಿ, ಹಳೆಯ ನಾಲ್ಕಾಣೆಯಷ್ಟಗಲದ ತಗಡಿನ ತೇಪೆಗಳು. ಬೆಸುಗೆ ಹಾಕಿ, ಮೇಲೆ ಬೂದು ಬಣ್ಣ ಬಳಿದಿದ್ದರು. ಮಾಡಿನ ಅಂಚಿನಲ್ಲಿ ಮೂರು. ಅವುಗಳ ಪಕ್ಕದಲ್ಲಿ ಅಪ್ಪನ ಬಾಲದ ಸೊನ್ನೆಗಳು ಮಾಸಿ ಹೋಗಿದ್ದರೂ ಕಾಣುತ್ತಿದ್ದವು. ಕೆಳಗೆ ನಾನು ಒರೆಸಿದ ಜಾಗಗಳಲ್ಲಿ ಎಂಟು. ಒರೆಸಿದ್ದನ್ನು ಅಲ್ಲಿಯವರು ಓದಿರಲು ಸಾಧ್ಯವಿಲ್ಲ. ಅವರು ಚುಕ್ಕಿಗಳನ್ನೇ ಕಂಡಿರಬೇಕು. ಹನ್ನೊಂದು.

ಎಣಿಸಿ ಮುಗಿಸಿ ಬಾಗಿಲ ಕಡೆ ತಿರುಗಿದಾಗ ಹನ್ನೆರಡನೆಯದು ಕಂಡಿತು. ಬಾಗಿಲ ಪಕ್ಕ, ನನ್ನ ಹೆಗಲಿನ ಎತ್ತರದಲ್ಲಿ. ನಾನು ಪ್ರತಿಸಲ ಬೆನ್ನು ಒತ್ತಿ ನಿಲ್ಲುತ್ತಿದ್ದ ಜಾಗ ಅದು. ಆ ತೇಪೆಯ ಪಕ್ಕದಲ್ಲೂ ಒಂದು ಸೊನ್ನೆ ಇತ್ತು, ಅದಕ್ಕೊಂದು ಬಾಲ, ಬಾಲ ಕೆಳಮುಖವಾಗಿ, ಸರಿಯಾಗಿ ನೀರು ಇಳಿಯುವ ದಿಕ್ಕಿಗೆ. ಸೀಮೆಸುಣ್ಣದಲ್ಲಲ್ಲ, ಹಳದಿ ಬಣ್ಣದ ಮೇಣದಂಥದ್ದರಲ್ಲಿ ಬರೆದದ್ದು. ಅಪ್ಪನ ಕೈಯಲ್ಲ. ಸೊನ್ನೆ ಉರುಟಾಗಿರಲಿಲ್ಲ, ಮೇಲಿನ ಮೂರನ್ನು ನೋಡಿ ಕಲಿಯುತ್ತಿರುವವರು ಬರೆದ ಹಾಗಿತ್ತು.

ಮೈಯೆಲ್ಲ ತಣ್ಣಗಾಯಿತು ಎಂದು ಬರೆಯಲು ಹೊರಟಿದ್ದೆ. ಹಾಗೇನೂ ಆಗಲಿಲ್ಲ. ನಾನು ಆ ಹಳದಿ ಗುರುತಿನ ಮೇಲೆ ಬೆರಳಾಡಿಸಿದೆ, ಅಷ್ಟೇ. ಆಮೇಲೆ ಸ್ಟೂಲು ತಂದು, ಉಳಿದ ಹನ್ನೊಂದರ ಮೇಲೂ.

ಮರುದಿನ ಮಧ್ಯಾಹ್ನದ ಬಿಸಿಲಿಗೆ ಸರಿಯಾಗಿ ಅಪ್ಪನನ್ನು ಕರೆದುಕೊಂಡು ಬಂದೆ. ಯಾಕೆಂದು ಹೇಳಿರಲಿಲ್ಲ, ಪೆಟ್ಟಿ ವಾಪಸು ಬಂದಿದೆ ಎಂದಷ್ಟೇ ಹೇಳಿದ್ದೆ. ಹಳೆಯ ಸೂಪರ್‌ವೈಸರು ವರ್ಗವಾಗಿದ್ದರು. ಅಗುಳಿಯವನು ಮಾತ್ರ ಅವನೇ. ಅಪ್ಪ ನನ್ನ ಹೆಗಲು ಹಿಡಿದು ಬರುವುದನ್ನು ನೋಡಿ, ಏನು ತಾತಾ, ಕೊನೆಗೂ ನನ್ನ ವಾಚು ಬರಲೇ ಇಲ್ಲ ಎಂದ. ಅಪ್ಪ ನಕ್ಕು, ತರಬೇಕಾದವನು ಇನ್ನೂ ದಾರಿಯಲ್ಲಿದ್ದಾನೆ ಎಂದರು.

ಒಳಗೆ ಅವರ ಕೈ ಹಿಡಿದು, ಮಾಡಿನ ಅಂಚಿನವಕ್ಕೆ ಸ್ಟೂಲು ಹತ್ತಿಸಿ, ಒಂದೊಂದೇ ತೇಪೆಯ ಮೇಲೆ ಇಟ್ಟೆ. ಅವರು ಬೆರಳ ತುದಿಯಿಂದ ಅಂಚು ಸವರಿ ಮುಂದಿನದಕ್ಕೆ ಹೋಗುತ್ತಿದ್ದರು. ನಾಲ್ಕೋ ಐದೋ ಆದ ಮೇಲೆ ಕೈ ಇಡಬೇಕಾಗಲಿಲ್ಲ. ಎಲ್ಲಿವೆ ಎಂದು ಅವರಿಗೇ ನೆನಪಿತ್ತು. ಕೊನೆಗೆ ಬಾಗಿಲ ಪಕ್ಕದ್ದಕ್ಕೆ ಕರೆತಂದೆ. ತೇಪೆ ಸವರಿದರು. ಪಕ್ಕದ ಹಳದಿ ಗುರುತಿನ ಮೇಲೆ ಬೆರಳು ನಿಂತಿತು. ಮುಖ ಹತ್ತಿರ ತಂದರು.

"ಇದು ನಮ್ಮ ಮನೇದು. ನಾನು ಹಾಕಿದ್ದಲ್ಲ."

"ಅಲ್ಲ."

"ಇಲ್ಲಿ ನೀನು ನಿಂತಿದ್ದೆ," ಎಂದರು. "ನಿನ್ನ ಬೆನ್ನು ಅಡ್ಡ ಇತ್ತು."

ಪೆಟ್ಟಿಯ ನಡುವಿಗೆ ಬಂದು ನಿಂತು, ಬಾಗಿಲು ಮುಚ್ಚಲು ಅವರೇ ಹೇಳಿದರು. ಅಗುಳಿ ಬಿದ್ದ ಸದ್ದು. ಹೊರಗಿನದೆಲ್ಲ ಕತ್ತರಿಸಿದಂತೆ ನಿಂತಿತು. ಒದ್ದೆ ಕಬ್ಬಿಣದ ವಾಸನೆ. ನಮ್ಮ ಉಸಿರು ದೂರದ ಗೋಡೆಗೆ ಹೋಗಿ, ತಡವಾಗಿ, ಹಿಂದಕ್ಕೆ ಬಂತು.

"ಅಪ್ಪ, ಆವತ್ತು ನಾನು ಕಣ್ಣು ಮುಚ್ಚಿಕೊಂಡಿದ್ದೆ. ಯಾವಾಗಲೂ ಮುಚ್ಚಿಕೊಂಡೇ ಇರುತ್ತಿದ್ದೆ."

ಅವರ ಕೈ ನನ್ನ ಹೆಗಲಿಗೆ ಬಂತು.

"ಈಗ?"

"ತೆರೆದಿದ್ದೀನಿ."

"ಏನು ಕಾಣ್ತಿದೆ?"

ಸುತ್ತ ನೋಡಿದೆ. ಮೇಲೆ, ಕೆಳಗೆ, ಬೆನ್ನ ಹಿಂದೆ. ಅಷ್ಟು ಪೂರ್ತಿಯಾದ ಕತ್ತಲೆಯನ್ನು ನಾನು ಅದಕ್ಕೆ ಮೊದಲು ಕಣ್ಣು ಬಿಟ್ಟು ನೋಡಿರಲಿಲ್ಲ.

"ಒಂದೂ ಇಲ್ಲಪ್ಪ."

"ನನಗೂ ಒಂದೂ ಇಲ್ಲ," ಎಂದರು ಅಪ್ಪ.

ಅವರ ಕೈ ನನ್ನ ಹೆಗಲಿನಿಂದ ಹೋಯಿತು. ಗೋಡೆ ಸವರುವ ಸದ್ದಿಲ್ಲ. ಹೆಜ್ಜೆಗಳು ನೇರವಾಗಿ ಬಾಗಿಲವರೆಗೆ ಹೋಗಿ ನಿಂತವು. ಮೂರು ಸಲ ತಟ್ಟಿದರು. ಬಾಗಿಲು ತೆರೆಯುವುದರೊಳಗೆ, ಪೆಟ್ಟಿಯ ಆ ತುದಿಯಿಂದ ಅದೇ ಮೂರು ತಟ್ಟು, ಒಂದು ಕ್ಷಣ ತಡವಾಗಿ, ಹಿಂದಕ್ಕೆ ಬಂತು.